ನಯಾಗರದ ಪಾಳು ಪವರ್‌ಹೌಸ್: ನೀರು ಹೋದ ದಾರಿಯಲ್ಲೇ ಹೋಗಿ ನೋಡಿ

ಅಮೆರಿಕಕ್ಕೆ ಹೋದ ನಮ್ಮವರಲ್ಲಿ ನಯಾಗರ ನೋಡದೆ ಬಂದವರು ಕಡಿಮೆ. ಮಗಳೋ ಅಳಿಯನೋ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ನೀಲಿ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ದೋಣಿ ಹತ್ತುವುದು, ನೆನೆಯುವುದು, ಫೋಟೋ ತೆಗೆಸಿಕೊಳ್ಳುವುದು. ರಾತ್ರಿ ಬಣ್ಣದ ದೀಪ ನೋಡಿ ಮಾರನೇ ದಿನ ವಾಪಸ್. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಜಲಪಾತದಿಂದ ಅರ್ಧ ಗಂಟೆಯೂ ನಡೆಯಬೇಕಿಲ್ಲದ ಜಾಗದಲ್ಲಿ, ನದಿಯ ಕಮರಿಯ ಒಳಗೆ, ಒಂದು ದೊಡ್ಡ ಪವರ್‌ಹೌಸ್ ಪಾಳು ಬಿದ್ದಿದೆ. ಹೆಸರು ಶೋಲ್‌ಕಾಫ್ ವಿದ್ಯುತ್ ಕೇಂದ್ರ. ಮೇಲೆ ಸಾವಿರಾರು ಜನ ಓಡಾಡುತ್ತಿದ್ದರೂ ಅಲ್ಲಿಗೆ ಇಳಿಯುವವರು ಬೆರಳೆಣಿಕೆ.

ಫೋನಿನ ಮ್ಯಾಪಿನಲ್ಲಿ ಹುಡುಕುವಾಗ ಹೆಸರಿನ ಸ್ಪೆಲಿಂಗೇ ಮೊದಲ ತೊಡಕು. ಎಸ್, ಸಿ, ಎಚ್, ಓ, ಇ, ಆಮೇಲೆ ಎರಡು ಎಲ್, ಕೆ, ಓ, ಪಿ, ಎಫ್. ಇಷ್ಟು ಹೊಡೆದರೆ ಸಿಗುತ್ತದೆ.

ಸೀದಾ ಲಿಫ್ಟ್ ಹತ್ತಿ ಕೆಳಗಿಳಿದು ಕಲ್ಲು ಗೋಡೆ ನೋಡಿ ಬಂದರೆ ಹತ್ತು ನಿಮಿಷದ ಕೆಲಸ. "ಇಷ್ಟೇನಾ?" ಅನ್ನಿಸುತ್ತದೆ. ಹಾಗೆ ನೋಡಬೇಡಿ. ನೀರು ಮೇಲಿಂದ ಕೆಳಕ್ಕೆ ಯಾವ ದಾರಿಯಲ್ಲಿ ಹೋಗುತ್ತಿತ್ತೋ ಅದೇ ದಾರಿಯಲ್ಲಿ ನೀವೂ ಹೋಗಿ. ಆಗ ಪ್ರತಿ ಗೋಡೆಯೂ, ಪ್ರತಿ ತೂತೂ ಏನು ಅಂತ ತಿಳಿಯುತ್ತದೆ. ಈ ಲೇಖನ ಆ ಕ್ರಮದಲ್ಲೇ ಇದೆ.

ಹೊರಡುವ ಮೊದಲು ಸ್ವಲ್ಪ ಇತಿಹಾಸ

ಇದನ್ನು ಕಾರಿನಲ್ಲೇ ಓದಿಕೊಳ್ಳಬಹುದು. ನ್ಯೂಯಾರ್ಕ್ ನಗರದಿಂದ ಸುಮಾರು 640 ಕಿಲೋಮೀಟರ್ ದಾರಿ. ಸಮಯಕ್ಕೇನು ಕೊರತೆ!

ನಯಾಗರದ ನೀರಿನಿಂದ ಯಂತ್ರ ತಿರುಗಿಸಬೇಕು ಅನ್ನುವ ಆಸೆ ಕರೆಂಟಿಗಿಂತ ಹಳೆಯದು. ಜಲಪಾತಕ್ಕಿಂತ ಮೇಲೆ ನದಿಯಿಂದ ಒಂದು ನಾಲೆ ತೋಡಿ, ಊರಿನ ನಡುವೆ ಹರಿಸಿ, ಜಲಪಾತದ ಕೆಳಗಿನ ಕಮರಿಯ ಅಂಚಿಗೆ ತರುವುದು ಯೋಜನೆ. 1850ರ ದಶಕದಲ್ಲಿ ಕೆಲಸ ಶುರುವಾಯಿತು, 1861ಕ್ಕೆ ನಾಲೆ ಮುಗಿಯಿತು. ಆದರೆ ನೀರು ಕೊಳ್ಳುವವರು ಬರಲಿಲ್ಲ. ದುಡ್ಡು ಹಾಕಿದವರೆಲ್ಲ ಕೈ ಸುಟ್ಟುಕೊಂಡರು. 1877ರಲ್ಲಿ ನಾಲೆ ಹರಾಜಿಗೆ ಬಂದಾಗ ಜೇಕಬ್ ಶೋಲ್‌ಕಾಫ್ ಅನ್ನುವವರು 71,000 ಡಾಲರಿಗೆ ಹಿಡಿದರು. ಜರ್ಮನಿಯಿಂದ ಬಂದು ಪಕ್ಕದ ಬಫಲೋ ನಗರದಲ್ಲಿ ಚರ್ಮ ಹದ ಮಾಡುವ ವ್ಯಾಪಾರದಲ್ಲಿ ಮೇಲೆ ಬಂದಿದ್ದವರು ಇವರು.

ಮೊದಮೊದಲು ಅಂಚಿನಲ್ಲಿ ಹಿಟ್ಟಿನ ಗಿರಣಿಗಳು, ಕಾಗದದ ಕಾರ್ಖಾನೆಗಳು ಎದ್ದವು. 1881ರಲ್ಲಿ ಒಂದು ಚಿಕ್ಕ ವಿದ್ಯುತ್ ಕೇಂದ್ರ ಬಂತು. ಊರಿನ ಕೆಲವು ಬೀದಿ ದೀಪಗಳು ಅದರಿಂದ ಬೆಳಗಿದವು. ಆ ಕಾಲದ ಟರ್ಬೈನುಗಳಿಗೆ ಕಮರಿಯ ಪೂರ್ತಿ ಎತ್ತರದ ಒತ್ತಡ ತಡೆಯುವ ಶಕ್ತಿ ಇರಲಿಲ್ಲ. ಹಾಗಾಗಿ ಅಂಚಿನಿಂದ ಸ್ವಲ್ಪ ಕೆಳಗೆ ನೀರನ್ನು ಬೀಳಿಸಿ, ಚಕ್ರ ತಿರುಗಿಸಿ, ಬಂಡೆಯ ನಡುವಿನಿಂದಲೇ ಹೊರಕ್ಕೆ ಬಿಡುತ್ತಿದ್ದರು. ಹಳೆಯ ಫೋಟೋಗಳಲ್ಲಿ ಬಂಡೆಗೋಡೆಯ ಉದ್ದಕ್ಕೂ ಹತ್ತಾರು ಪುಟ್ಟ ಜಲಪಾತಗಳು ಕಾಣುತ್ತವೆ. ಎಲ್ಲವೂ ಗಿರಣಿಗಳ ಮೋರಿ ನೀರು! ಎಷ್ಟು ಶಕ್ತಿ ಸುಮ್ನೆ ಪೋಲಾಗುತ್ತಿತ್ತು ಅಂತ ಆ ಚಿತ್ರ ನೋಡಿದರೆ ಗೊತ್ತಾಗುತ್ತದೆ. ಗೂಗಲ್‌ನಲ್ಲಿ ಒಂದು ಚಿತ್ರ ಹುಡುಕಿ ಫೋನಿನಲ್ಲಿ ಉಳಿಸಿಕೊಳ್ಳಿ. ಕೆಳಗೆ ಇಳಿದಾಗ ಬೇಕಾಗುತ್ತದೆ.

ಟರ್ಬೈನುಗಳು ಗಟ್ಟಿಯಾದಂತೆ ಕೇಂದ್ರವೂ ಕೆಳಗೆ ಇಳಿಯಿತು. 1890ರ ದಶಕದಲ್ಲಿ ಎರಡನೇ ಕೇಂದ್ರ ಕಮರಿಯ ತಳದಲ್ಲೇ ಬಂತು. 20ನೇ ಶತಮಾನದ ಮೊದಲ 25 ವರ್ಷಗಳಲ್ಲಿ ಮೂರನೇ ಕೇಂದ್ರವನ್ನು ಎ, ಬಿ, ಸಿ ಅಂತ ಮೂರು ಭಾಗವಾಗಿ ಕಟ್ಟಿದರು. ಸಿ ಭಾಗ ಮುಗಿದದ್ದು 1924ರಲ್ಲಿ. ನೀವು ನೋಡಲು ಹೋಗುವ ಪಾಳು ಈ ಮೂರನೇ ಕೇಂದ್ರದ್ದು.

1956ರ ಜೂನ್ 7, ಗುರುವಾರ. ಕಟ್ಟಡದ ಹಿಂದಿನ ಗೋಡೆಯಲ್ಲಿ, ಅಂದರೆ ಬಂಡೆಗೆ ಒರಗಿಕೊಂಡ ಗೋಡೆಯಲ್ಲಿ, ನೀರು ಜಿನುಗುವುದು ಕಂಡಿತು. ಕೆಲಸಗಾರರು ಮರಳು ಮೂಟೆ ಒಟ್ಟಿ ತಡೆಯಲು ನೋಡಿದರು. ಬಿರುಕು ದೊಡ್ಡದಾಗುತ್ತಲೇ ಹೋಯಿತು. ಸಂಜೆ ಐದರ ಸುಮಾರಿಗೆ ಬಿ ಮತ್ತು ಸಿ ಭಾಗಗಳು ಕುಸಿದು ನದಿಗೆ ಬಿದ್ದವು. ಮೂರರಲ್ಲಿ ಎರಡು ಪಾಲು ಕಟ್ಟಡ ಕೆಲವೇ ನಿಮಿಷಗಳಲ್ಲಿ ಹೋಯಿತು. ಸುಮಾರು 40 ಜನ ಒಳಗಿದ್ದರು. ಒಬ್ಬ ಕೆಲಸಗಾರ ಸತ್ತ, ಉಳಿದವರು ಓಡಿ ಪಾರಾದರು. ಬಚಾವಾದ ಎ ಭಾಗ ಆಮೇಲೂ ಕೆಲವು ವರ್ಷ ಕರೆಂಟು ಕೊಟ್ಟಿತು, 1960ರ ದಶಕದ ಮೊದಲಲ್ಲಿ ನಿಂತಿತು.

ಯಾವಾಗ ಹೋಗಬೇಕು, ಯಾವ ದಡಕ್ಕೆ

ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಸರಿಯಾದ ಕಾಲ. ಚಳಿಗಾಲದಲ್ಲಿ ಕಮರಿಯ ಒಳಗೆ ಹಿಮ, ಮಂಜುಗಡ್ಡೆ, ಮೇಲಿಂದ ಉದುರುವ ಐಸ್ ತುಂಡು. ನಮ್ಮಂಥವರಿಗೆ ಅದರ ಸಹವಾಸ ಬೇಡ. ಲಿಫ್ಟ್ ಓಡುವುದು ಋತು ಮತ್ತು ಹವಾಮಾನ ನೋಡಿಕೊಂಡು. ಹೊರಡುವ ದಿನ ಬೆಳಿಗ್ಗೆ ನಯಾಗರ ಫಾಲ್ಸ್ ಸ್ಟೇಟ್ ಪಾರ್ಕಿನ ಜಾಲತಾಣ ತೆರೆದು ನೋಡಿ. ಇಲ್ಲದಿದ್ದರೆ ಪಾರ್ಕಿನ ಮಾಹಿತಿ ಕೇಂದ್ರದಲ್ಲಿ "ಶೋಲ್‌ಕಾಫ್ ಲಿಫ್ಟ್ ಇವತ್ತು ಇದೆಯಾ?" ಅಂತ ಕೇಳಿಯೇ ಮುಂದೆ ಹೋಗಿ.

ದಿನದ ಹೊತ್ತು ಕೂಡ ಮುಖ್ಯ. ಪಾಳು ಇರುವುದು ನದಿಯ ಪೂರ್ವ ದಡದಲ್ಲಿ, ಅಮೆರಿಕದ ಕಡೆ. ಗೋಡೆಯ ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಅದು ಪೂರ್ತಿ ನೆರಳಲ್ಲಿರುತ್ತದೆ, ಫೋಟೋ ಕಪ್ಪಗೆ ಬರುತ್ತದೆ. ಮಧ್ಯಾಹ್ನ ಎರಡರ ಮೇಲೆ ಬಿಸಿಲು ನೇರವಾಗಿ ಕಲ್ಲಿನ ಮೇಲೆ ಬೀಳುತ್ತದೆ. ಬೆಳಿಗ್ಗೆ ಜಲಪಾತ, ದೋಣಿ ಮುಗಿಸಿ, ಊಟ ಮಾಡಿ, ಮಧ್ಯಾಹ್ನದ ಮೇಲೆ ಇತ್ತ ಬಂದರೆ ಎಲ್ಲ ಸರಿಹೋಗುತ್ತದೆ.

ಇದು ಅಮೆರಿಕದ ದಡದಲ್ಲೇ ಇರುವುದರಿಂದ ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದು ದೊಡ್ಡ ಅನುಕೂಲ. ಆದರೆ ಒಂದು ಎಚ್ಚರಿಕೆ. ಗಾಡಿ ಓಡಿಸುವಾಗ ರೇನ್‌ಬೋ ಸೇತುವೆಯ ಲೇನಿಗೆ ಗೊತ್ತಿಲ್ಲದೆ ನುಗ್ಗಬೇಡಿ. ಅದು ಸೀದಾ ಕೆನಡಾದ ಗಡಿಗೆ ಹೋಗುತ್ತದೆ. ವೀಸಾ ಇಲ್ಲದೆ ಅಲ್ಲಿ ಸಿಕ್ಕಿಕೊಂಡರೆ ವಾಪಸ್ ಬರುವಷ್ಟರಲ್ಲಿ ಎರಡೂ ಕಡೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಅರ್ಧ ದಿನ ಹೋದೀತು. ರಸ್ತೆ ಮೇಲೆ ಕೆನಡಾ ಅನ್ನುವ ಬೋರ್ಡು ಕಂಡ ಕೂಡಲೇ ಲೇನು ಬದಲಿಸಿ.

ವಿಮಾನದಲ್ಲಿ ಬರುವವರಿಗೆ ಬಫಲೋ ಹತ್ತಿರ. ಅಲ್ಲಿಂದ ಸುಮಾರು 40 ಕಿಲೋಮೀಟರ್. ನ್ಯೂಯಾರ್ಕಿನಿಂದ ಆಮ್‌ಟ್ರ್ಯಾಕ್ ರೈಲೂ ಇದೆ. ನಿಧಾನ, ಆದರೆ ಹಡ್ಸನ್ ನದಿಯ ಪಕ್ಕ ಹೋಗುವುದರಿಂದ ಬೇಜಾರಾಗುವುದಿಲ್ಲ. ಪಾರ್ಕಿಗೆ ಪ್ರವೇಶ ಶುಲ್ಕ ಇಲ್ಲ, ಪಾರ್ಕಿಂಗಿಗೆ ದುಡ್ಡು ಕೊಡಬೇಕು.

ಮೊದಲ ಹೆಜ್ಜೆ: ಜಲಪಾತದ ಮೇಲುಗಡೆ ನಿಲ್ಲಿ

ನೇರವಾಗಿ ಪಾಳಿಗೆ ಹೋಗಬೇಡಿ. ಮೊದಲು ನದಿಯ ನಡುವೆ ಇರುವ ಗೋಟ್ ದ್ವೀಪಕ್ಕೆ ಹೋಗಿ, ಜಲಪಾತಕ್ಕಿಂತ ಮೇಲೆ ನದಿ ಹರಿದು ಬರುವುದನ್ನು ನೋಡಿ. ಶೋಲ್‌ಕಾಫ್ ನಾಲೆಯ ಬಾಯಿ ಇದ್ದದ್ದು ಇಲ್ಲಿಂದ ಇನ್ನೂ ಮೇಲೆ, ಪೋರ್ಟ್ ಡೇ ಅನ್ನುವ ಕಡೆ. ಈಗ ಅಲ್ಲಿ ನಾಲೆ ಇಲ್ಲ. ಕೇಂದ್ರ ನಿಂತ ಮೇಲೆ ಅದನ್ನು ಮುಚ್ಚಿಬಿಟ್ಟರು. ಹಾಗಾಗಿ ಪೋರ್ಟ್ ಡೇಗೆ ಹೋಗುವ ಶ್ರಮ ಬೇಡ. ನೀರಿನ ರಭಸವನ್ನು ಕಣ್ಣಿಗೆ ತುಂಬಿಕೊಳ್ಳುವುದಷ್ಟೇ ಇಲ್ಲಿಯ ಕೆಲಸ.

ಇಲ್ಲಿ ನಿಂತು ಒಂದು ವಿಷಯ ತಿಳಿದುಕೊಳ್ಳಿ. ಕಣ್ಣಿಗೆ ಕಾಣುವುದು ನದಿಯ ಪೂರ್ತಿ ನೀರಲ್ಲ. ಎರಡೂ ದೇಶಗಳು ಕರೆಂಟಿಗಾಗಿ ಮೇಲೆಯೇ ದೊಡ್ಡ ಪಾಲು ಎತ್ತಿಕೊಳ್ಳುತ್ತವೆ. 1950ರ ಒಪ್ಪಂದದ ಪ್ರಕಾರ ಪ್ರವಾಸಿ ಕಾಲದ ಹಗಲಿನಲ್ಲಿ ಸೆಕೆಂಡಿಗೆ ಕನಿಷ್ಠ 1,00,000 ಘನ ಅಡಿ ನೀರನ್ನು ಜಲಪಾತಕ್ಕೆ ಬಿಡಲೇಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ ಅದರ ಅರ್ಧ ಸಾಕು. ಮಳೆಗಾಲದಲ್ಲಿ ಜೋಗಕ್ಕೆ ಹೋಗಿ "ಲಿಂಗನಮಕ್ಕಿಯಿಂದ ನೀರು ಬಿಟ್ಟಿದ್ದಾರಾ?" ಅಂತ ಕೇಳುವ ನಮಗೆ ಇದು ಹೊಸದೇನಲ್ಲ, ಅಲ್ವಾ?

ಗೋಟ್ ದ್ವೀಪದಲ್ಲೇ ಒಂದು ಕಲ್ಲಿನ ಕಮಾನು ನಿಂತಿದೆ. ಅದು ಶೋಲ್‌ಕಾಫ್‌ನದ್ದಲ್ಲ, ಪ್ರತಿಸ್ಪರ್ಧಿ ಕಂಪನಿಯ ಆಡಮ್ಸ್ ಪವರ್‌ಹೌಸಿನ ಬಾಗಿಲು. ಆ ಕೇಂದ್ರ 1895ರಲ್ಲಿ ಶುರುವಾಯಿತು, 1961ರಲ್ಲಿ ಕೆಡವಿದರು. ಬಾಗಿಲನ್ನು ಮಾತ್ರ ತಂದು ಇಲ್ಲಿ ನಿಲ್ಲಿಸಿದ್ದಾರೆ. ಪರ್ಯಾಯ ವಿದ್ಯುತ್ತಿನ (ಎಸಿ ಕರೆಂಟಿನ) ಯಂತ್ರಗಳನ್ನು ರೂಪಿಸಿದ ಸಂಶೋಧಕ ನಿಕೋಲಾ ಟೆಸ್ಲಾ ಅವರ ಕಂಚಿನ ಪ್ರತಿಮೆಯೂ ಇದೇ ದ್ವೀಪದಲ್ಲಿದೆ. ಆಡಮ್ಸ್ ಕೇಂದ್ರದಿಂದ 1896ರ ನವೆಂಬರಿನಲ್ಲಿ ಬಫಲೋ ನಗರಕ್ಕೆ ಕರೆಂಟು ಹೋಯಿತು. ಪರ್ಯಾಯ ವಿದ್ಯುತ್ತನ್ನು ದೂರಕ್ಕೆ ಸಾಗಿಸಬಹುದು ಅಂತ ಜಗತ್ತಿಗೆ ಖಾತ್ರಿಯಾದದ್ದು ಆಗ.

ನಮ್ಮ ಊರಿನ ಮಾತು ಬರುವುದು ಇಲ್ಲೇ. ಅದಾಗಿ ಆರು ವರ್ಷ ತುಂಬುವ ಮೊದಲೇ, 1902ರ ಜೂನ್ 30ರಂದು, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ನಯಾಗರದಿಂದ ಬಫಲೋಗೆ ತಂತಿಯ ಉದ್ದ ಸುಮಾರು 35 ಕಿಲೋಮೀಟರ್. ಶಿವನಸಮುದ್ರದಿಂದ ಕೋಲಾರದ ಗಣಿಗೆ ಸುಮಾರು 147! ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆ ಯೋಜನೆ ರೂಪಿಸಿದ ಇಂಜಿನಿಯರ್ ಜೋಲಿ ದ ಲಾಟ್ಬಿನಿಯರ್ ಕೆನಡಾದವರು. ಜನರೇಟರುಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಕಮಾನಿನ ಕೆಳಗೆ ನಿಂತಾಗ ಮಕ್ಕಳಿಗೆ ಈ ಕತೆ ಹೇಳಿ. ಟೆಸ್ಲಾ ಅಂದರೆ ಕಾರು ಮಾತ್ರ ಅಂದುಕೊಂಡ ಪೀಳಿಗೆ ಅದು.

ಎರಡನೇ ಹೆಜ್ಜೆ: ಅಂಚಿನ ಉದ್ದಕ್ಕೆ ನಡಿಗೆ

ಗೋಟ್ ದ್ವೀಪದಿಂದ ಪ್ರಾಸ್ಪೆಕ್ಟ್ ಪಾಯಿಂಟಿಗೆ ಬನ್ನಿ. ದೋಣಿಗೆ ಇಳಿಯುವ ವೀಕ್ಷಣಾ ಗೋಪುರ ಇರುವ ಜಾಗ ಅದು. ಅಲ್ಲಿಂದ ನದಿಯನ್ನು ಎಡಗಡೆ ಇಟ್ಟುಕೊಂಡು ಉತ್ತರಕ್ಕೆ, ಅಂದರೆ ನೀರು ಹರಿಯುವ ದಿಕ್ಕಿಗೆ ನಡೆಯಿರಿ. ಮೊದಲು ರೇನ್‌ಬೋ ಸೇತುವೆ ಸಿಗುತ್ತದೆ. ಅದನ್ನು ಹಿಂದೆ ಬಿಟ್ಟು ಮುಂದೆ ಹೋಗಿ. ಜನಸಂದಣಿ ಕರಗುತ್ತದೆ. ಅಕ್ವೇರಿಯಂ ಆಫ್ ನಯಾಗರ ಕಟ್ಟಡವನ್ನು ಗುರುತಾಗಿ ಇಟ್ಟುಕೊಳ್ಳಿ. ಅದರ ಹತ್ತಿರ ಕಮರಿಯ ಅಂಚಿನಲ್ಲಿ ಲಿಫ್ಟ್ ಇದೆ. ನಡೆಯಲಾಗದ ಹಿರಿಯರಿದ್ದರೆ ಅಕ್ವೇರಿಯಂ ಹತ್ತಿರವೇ ಗಾಡಿ ನಿಲ್ಲಿಸಿಕೊಂಡು ಬರಬಹುದು.

ಲಿಫ್ಟ್ ಹತ್ತುವ ಮೊದಲು ಅಂಚಿನ ಕಟಕಟೆಯಿಂದ ಕೆಳಗೆ ಇಣುಕಿ. ನೀವು ನಿಂತಿರುವ ಈ ಪಟ್ಟಿಯ ಮೇಲೆಯೇ ಗಿರಣಿಗಳು ಸಾಲಾಗಿದ್ದವು. ಊರೊಳಗಿಂದ ಬಂದ ನಾಲೆ ಇಲ್ಲಿ ಒಂದು ತೊಟ್ಟಿಗೆ ಸೇರುತ್ತಿತ್ತು. ಪವರ್‌ಹೌಸಿನವರು ಅದನ್ನು ಫೋರ್‌ಬೇ ಅನ್ನುತ್ತಾರೆ. ನೀರು ಕೆಳಗೆ ಧುಮುಕುವ ಮೊದಲು ಕೊನೆಯದಾಗಿ ನಿಂತು ಮಟ್ಟವಾಗುವ ಜಾಗ. ಅಲ್ಲಿಂದ ಪೆನ್‌ಸ್ಟಾಕ್ ಪೈಪುಗಳಲ್ಲಿ ಸುಮಾರು 200 ಅಡಿ ಕೆಳಗಿಳಿದು ಟರ್ಬೈನಿಗೆ ಹೊಡೆಯುತ್ತಿತ್ತು. ಈಗ ಹುಲ್ಲು, ಕಾಲುದಾರಿ, ಬೆಂಚು. ಸ್ವಲ್ಪ ಊಹಿಸಿಕೊಳ್ಳಬೇಕು. ಆ ಹಳೆಯ ಫೋಟೋ ಇಲ್ಲಿ ತೆಗೆದು ನೋಡಿ.

ಮೂರನೇ ಹೆಜ್ಜೆ: ಕೆಳಗಿಳಿದು ಗೋಡೆ ಓದುವುದು

ಲಿಫ್ಟ್ ಕೆಳಗೆ ಬಿಟ್ಟ ಮೇಲೆ ಅವಸರ ಬೇಡ. ಇಲ್ಲಿ ಕನಿಷ್ಠ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಮೊದಲು ಬಂಡೆಯನ್ನೇ ನೋಡಿ. ಮೇಲಿನ ಪದರ ದಪ್ಪ, ಗಟ್ಟಿ, ಬಿಳಿಚಿದ ಬೂದು ಬಣ್ಣ. ಅದು ಲಾಕ್‌ಪೋರ್ಟ್ ಡಾಲೊಸ್ಟೋನ್. ಅದರ ಕೆಳಗೆ ತೆಳು ತೆಳು ಹಾಳೆಯಂತೆ ಉದುರುವ ಕಲ್ಲು, ರಾಚೆಸ್ಟರ್ ಶೇಲ್. ಜಲಪಾತ ಹಿಂದೆ ಹಿಂದೆ ಸರಿಯುವುದು ಇದೇ ಕಾರಣಕ್ಕೆ. ಕೆಳಗಿನ ಮೆದು ಕಲ್ಲು ಕೊರೆದು ಹೋಗುತ್ತದೆ, ಮೇಲಿನ ಗಟ್ಟಿ ಕಲ್ಲು ಆಸರೆ ತಪ್ಪಿ ಬೀಳುತ್ತದೆ. ಸುಮಾರು 12,000 ವರ್ಷಗಳಲ್ಲಿ ಜಲಪಾತ 11 ಕಿಲೋಮೀಟರ್ ಹಿಂದೆ ಸರಿದಿದೆ. ಅಂದರೆ ಈ ಪವರ್‌ಹೌಸ್ ಕಟ್ಟಿದ ಜಾಗದಲ್ಲೇ ಒಂದು ಕಾಲಕ್ಕೆ ನಯಾಗರ ಧುಮುಕುತ್ತಿತ್ತು! ಬಿರುಕಿರುವ ಇಂಥ ಬಂಡೆ, ಅದರ ನೆತ್ತಿಯ ಮೇಲೆ ನೀರು ತುಂಬಿದ ನಾಲೆ, ಅದರ ಬೆನ್ನಿಗೆ ಕಟ್ಟಡ. ಮೇಲಿಂದ ಜಿನುಗಿದ ನೀರು ಬಂಡೆಗೂ ಗೋಡೆಗೂ ನಡುವೆ ಸೇರಿಕೊಂಡರೆ ಹೋಗಲು ಜಾಗ ಎಲ್ಲಿದೆ? ಗೋಡೆಯನ್ನೇ ಮುಂದಕ್ಕೆ ನೂಕಬೇಕು. 1956ರಲ್ಲಿ ಆದದ್ದು ಏನು ಅಂತ ಇಲ್ಲಿ ನಿಂತರೆ ಅರ್ಥವಾಗುವಷ್ಟು ಯಾವ ಫಲಕ ಓದಿದರೂ ಆಗುವುದಿಲ್ಲ.

ಈಗ ಕಟ್ಟಡದ ಕಡೆ ತಿರುಗಿ. ಬಂಡೆಗೆ ಅಂಟಿಕೊಂಡು ಮೇಲಕ್ಕೆ ಹೋಗುವ ಕಲ್ಲು ಗೋಡೆಗಳಿವೆ. ನಡುನಡುವೆ ನೆಟ್ಟಗೆ ಇಳಿಯುವ ಖಾಲಿ ಜಾಗಗಳು, ಪೈಪು ಇದ್ದ ಗುರುತುಗಳು, ಮುರಿದು ನಿಂತ ಕಾಂಕ್ರೀಟು, ತುಕ್ಕು ಹಿಡಿದ ಕಬ್ಬಿಣ. ನೋಡುವ ಕ್ರಮ ಹೀಗಿರಲಿ. ಮೊದಲು ಅಂಚಿನ ಮೇಲೆ ಒಂದು ಬಿಂದು ಆರಿಸಿಕೊಳ್ಳಿ. ಅಲ್ಲಿಂದ ಕಣ್ಣನ್ನು ನೇರ ಕೆಳಗೆ ಇಳಿಸಿ. ಪೈಪು ಎಲ್ಲಿ ಹಾದಿರಬೇಕು? ಟರ್ಬೈನು ಎಲ್ಲಿ ಕೂತಿರಬೇಕು? ಕೆಲಸ ಮುಗಿಸಿದ ನೀರು ನದಿಗೆ ಎಲ್ಲಿ ಸೇರಿರಬೇಕು? ಒಂದು ಸಾಲು ಅರ್ಥವಾದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಮಕ್ಕಳಿಗೆ ಇದು ಒಳ್ಳೆಯ ಆಟ. ದೊಡ್ಡವರಿಗಿಂತ ಬೇಗ ಕಂಡುಹಿಡಿಯುತ್ತಾರೆ.

ಆಮೇಲೆ ಉದ್ದವನ್ನು ಗಮನಿಸಿ. ಕಟ್ಟಡ ಎಲ್ಲಿಂದ ಎಲ್ಲಿಯವರೆಗೆ ಇತ್ತು ಅಂತ ಗೋಡೆಯ ಗುರುತು ಹಿಡಿದು ನಡೆದರೆ ಗಾತ್ರದ ಅಂದಾಜು ಸಿಗುತ್ತದೆ. ಕಟ್ಟಡ ನಿಂತಿದ್ದಾಗ ಹೇಗಿತ್ತು ಅಂತ ಚಿತ್ರ ಸಹಿತ ಹೇಳುವ ಫಲಕಗಳೂ ಇವೆ. ನನ್ನ ಮಾತು ಕೇಳುವುದಾದರೆ ಫಲಕ ಕೊನೆಗೆ ಓದಿ. ಮೊದಲೇ ಓದಿದರೆ ಕಣ್ಣಿಗೆ ಕೆಲಸವೇ ಇರುವುದಿಲ್ಲ.

ಪಾಳಿನ ಪಕ್ಕದಲ್ಲಿ ಹೊಸ ಕಟ್ಟಡ ಮತ್ತು ಜಟ್ಟಿ ಕಾಣುತ್ತದಲ್ಲ, ಅದು ಮೇಡ್ ಆಫ್ ದ ಮಿಸ್ಟ್ ದೋಣಿಗಳ ತಂಗುದಾಣ. ಮೊದಲು ಚಳಿಗಾಲದಲ್ಲಿ ಆ ದೋಣಿಗಳನ್ನು ಕೆನಡಾದ ದಡದಲ್ಲಿ ಇಡುತ್ತಿದ್ದರು. ಅಲ್ಲಿಯ ಗುತ್ತಿಗೆ ಬೇರೆಯವರ ಪಾಲಾದಾಗ ಅಮೆರಿಕದ ದಡದಲ್ಲಿ ಜಾಗ ಹುಡುಕಬೇಕಾಯಿತು. ಹಾಗೆ ಸಿಕ್ಕಿದ್ದು ಈ ಪಾಳು ಜಾಗ. 2013ರಲ್ಲಿ ಇಲ್ಲಿ ಕಟ್ಟಡ ಎದ್ದಿತು. ಅದೇ ವರ್ಷ ಪಾಳು ಕೇಂದ್ರ ಅಮೆರಿಕದ ಚಾರಿತ್ರಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು. 2020ರಿಂದ ಓಡುತ್ತಿರುವ ಹೊಸ ದೋಣಿಗಳು ಬ್ಯಾಟರಿಯವು. ಒಂದರ ಹೆಸರು ನಿಕೋಲಾ ಟೆಸ್ಲಾ. ದೋಣಿಗಳ ಜಾಗಕ್ಕೆ ಬೇಲಿ ಇದೆ, ಒಳಗೆ ಹೋಗುವಂತಿಲ್ಲ.

ಬೇಲಿಯ ಮಾತು ಬಂತು, ಅದನ್ನೇ ಸ್ವಲ್ಪ ಜೋರಾಗಿ ಹೇಳುತ್ತೇನೆ. ಗೋಡೆ ಹತ್ತಬೇಡಿ. ತೂತುಗಳ ಒಳಗೆ ಹೋಗಿ ರೀಲ್ಸ್ ಮಾಡಬೇಡಿ. ಬಂಡೆಯ ಬುಡದಲ್ಲಿ ಕೂತು ಊಟದ ಡಬ್ಬಿ ಬಿಚ್ಚಬೇಡಿ. ಇದು ಕಲ್ಲು ಉದುರುವ ಜಾಗ. ಬಿದ್ದ ಕಟ್ಟಡದ ಉಳಿದ ಭಾಗವನ್ನು ನಂಬಿ ಕಾಲಿಡುವುದು ಜಾಣತನ ಅಲ್ಲ. ನದಿಯ ಅಂಚಿಗೂ ಇಳಿಯಬೇಡಿ. ಈ ಭಾಗದಲ್ಲಿ ನೀರು ಶಾಂತವಾಗಿದ್ದಂತೆ ಕಾಣುತ್ತದೆ, ಒಳಗಿನ ಸೆಳೆತ ಬೇರೆಯೇ.

ಕಾಲು, ಬಟ್ಟೆ, ಊಟ

ಸ್ಯಾಂಡಲ್ ಬೇಡ, ಹಿಡಿತ ಇರುವ ಶೂ ಹಾಕಿ. ಅಮ್ಮ ಸೀರೆ ಉಟ್ಟಿದ್ದರೂ ಪರವಾಗಿಲ್ಲ, ಲಿಫ್ಟಿನಿಂದ ನೋಡುವ ಜಾಗಕ್ಕೆ ದೊಡ್ಡ ಸಾಹಸವಿಲ್ಲ. ಕಾಲಿಗೆ ಮಾತ್ರ ಶೂ ಹಾಕಿಸಿ. ಬೇಸಿಗೆಯಲ್ಲೂ ಕಮರಿಯ ಒಳಗೆ ಗಾಳಿ ತಣ್ಣಗಿರುತ್ತದೆ. ಒಂದು ತೆಳು ಜಾಕೆಟ್ ಇರಲಿ.

ಅಂಚಿನ ಕಾಲುದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ. ಕಮರಿಯಲ್ಲಿ ಪಾಯಿಸನ್ ಐವಿ ಅನ್ನುವ ಬಳ್ಳಿ ಜಾಸ್ತಿ. ಒಂದು ತೊಟ್ಟಿಗೆ ಮೂರು ಎಲೆ ಇರುವ ಗಿಡ ಕಂಡರೆ ದೂರ ಇರಿ. ತಾಗಿದರೆ ಮೈ ತುರಿಸಿ, ಗುಳ್ಳೆ ಎದ್ದು, ವಾರಗಟ್ಟಲೆ ಕಾಡುತ್ತದೆ.

ಫೋನಿನದೂ ಒಂದು ಕಾಟ ಇದೆ. ಕಮರಿಯ ಒಳಗೆ ಅದು ಎದುರು ದಡದ ಕೆನಡಾ ಟವರ್ ಹಿಡಿದುಕೊಳ್ಳುತ್ತದೆ. ಊರಿಗೆ ವೀಡಿಯೋ ಕಾಲ್ ಮಾಡಿ ತೋರಿಸುವ ಆಸೆಯಲ್ಲಿ ರೋಮಿಂಗ್ ಬಿಲ್ ಏರಿಸಿಕೊಳ್ಳಬೇಡಿ. ಇಳಿಯುವ ಮೊದಲೇ ಡೇಟಾ ರೋಮಿಂಗ್ ಆಫ್ ಮಾಡಿ. ಮ್ಯಾಪು, ಹಳೆಯ ಫೋಟೋ ಎಲ್ಲ ಮೊದಲೇ ಇಳಿಸಿಕೊಂಡಿರಿ.

ಕೆಳಗೆ ಹೋಟೆಲ್ ಇರುತ್ತದೆ ಅಂದುಕೊಂಡು ಹಸಿದು ಇಳಿಯಬೇಡಿ. ಮೇಲೆ ಪಾರ್ಕಿನ ಹುಲ್ಲಿನ ಮೇಲೆ ಕೂತು ಪುಳಿಯೋಗರೆ, ಮೊಸರನ್ನ ಮುಗಿಸಿಕೊಂಡು ಹೊರಡಿ. ಡಬ್ಬಿ ತಂದಿಲ್ಲದವರಿಗೆ ಜಲಪಾತದ ಸುತ್ತಮುತ್ತ ಭಾರತದ ಊಟದ ಹೋಟೆಲುಗಳು ಬೇಕಾದಷ್ಟಿವೆ. ರುಚಿಯ ಬಗ್ಗೆ ನಿರೀಕ್ಷೆ ಕಡಿಮೆ ಇರಲಿ, ಹೊಟ್ಟೆ ತುಂಬುತ್ತದೆ.

ಲಿಫ್ಟ್ ಇಲ್ಲದ ದಿನ

ಲಿಫ್ಟ್ ನಿಂತಿದ್ದರೆ ಬೇಸರ ಪಟ್ಟು ಹಿಂತಿರುಗಬೇಕಿಲ್ಲ. ಅಂಚಿನಿಂದ ಇಣುಕಿದರೂ ಸ್ವಲ್ಪ ಕಾಣುತ್ತದೆ. ಆದರೆ ಒಟ್ಟು ನೋಟ ಸಿಗುವುದು ಎದುರು ದಡದಿಂದಲೇ. ಕೆನಡಾ ವೀಸಾ ಇರುವವರು, ಅಮೆರಿಕಕ್ಕೆ ಮರಳುವ ಕಾಗದಪತ್ರ ಸರಿ ಇರುವವರು ರೇನ್‌ಬೋ ಸೇತುವೆಯನ್ನು ನಡೆದೇ ದಾಟಬಹುದು. ದಾಟಿ ಬಲಕ್ಕೆ ತಿರುಗಿ ನದಿಯ ಪಕ್ಕದ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಎದುರಿಗೆ ಬಂಡೆಗೆ ಅಂಟಿದ ಪೂರ್ತಿ ಗೋಡೆ ಕಾಣುತ್ತದೆ. ಮಧ್ಯಾಹ್ನದ ಮೇಲೆ ಅದರ ಮೇಲೆ ಬಿಸಿಲು ಬಿದ್ದಿರುತ್ತದೆ. ಪಾಳಿನ ಉದ್ದ ಅಗಲ ಸರಿಯಾಗಿ ತಿಳಿಯುವುದು ಇಲ್ಲಿಂದಲೇ. ಕೆಳಗಿಳಿದು ನೋಡಿದವರಿಗೂ ನಾನು ಇದನ್ನು ಹೇಳುತ್ತೇನೆ.

ಆ ದಡಕ್ಕೆ ಹೋದವರು ನಯಾಗರ ಪಾರ್ಕ್ಸ್ ಪವರ್ ಸ್ಟೇಷನ್ ಬಿಡಬೇಡಿ. 1905ರ ಕೇಂದ್ರ, 2006ರವರೆಗೆ ನಡೆಯಿತು. 2021ರಿಂದ ಮ್ಯೂಸಿಯಂ. ಬಿದ್ದಿಲ್ಲ, ಮುರಿದಿಲ್ಲ, 11 ಜನರೇಟರುಗಳು ಸಾಲಾಗಿ ಕೂತಿವೆ. 2022ರಲ್ಲಿ ನೀರು ಹೊರಹೋಗುವ ಸುರಂಗವನ್ನೂ ತೆರೆದರು. ಸುಮಾರು 670 ಮೀಟರ್ ನಡೆದರೆ ಸುರಂಗದ ಬಾಯಲ್ಲಿ ನದಿ, ಪಕ್ಕದಲ್ಲೇ ಕುದುರೆಲಾಳದ ಜಲಪಾತ. ಟಿಕೆಟ್ ಇದೆ, ಸಾಲೂ ಇದೆ. ಶೋಲ್‌ಕಾಫ್‌ನ ಮುರುಕು ಗೋಡೆಗಳ ಒಳಗೆ ಏನಿತ್ತು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕೊನೆಯ ಹೆಜ್ಜೆ: ಲೂಯಿಸ್ಟನ್

ಸಮಯ ಉಳಿದರೆ ಗಾಡಿ ಹತ್ತಿ ನದಿಯ ಜೊತೆ ಇನ್ನೂ ಕೆಳಗೆ ಹೋಗಿ. ಜಲಪಾತದಿಂದ ಸುಮಾರು 7 ಕಿಲೋಮೀಟರ್ ದೂರದಲ್ಲಿ, ಲೂಯಿಸ್ಟನ್ ಅನ್ನುವ ಊರಿನಲ್ಲಿ, ರಾಬರ್ಟ್ ಮೋಸಸ್ ವಿದ್ಯುತ್ ಕೇಂದ್ರವಿದೆ. ಶೋಲ್‌ಕಾಫ್ ಬಿದ್ದದ್ದರ ನೇರ ಫಲ ಇದು. ಕೇಂದ್ರ ಕುಸಿದಾಗ ಅದನ್ನು ನಂಬಿದ ಕಾರ್ಖಾನೆಗಳಿಗೆ ಕರೆಂಟಿಲ್ಲದಂತಾಯಿತು. ಹೊಸ ಕೇಂದ್ರವನ್ನು ಸರ್ಕಾರ ಕಟ್ಟಬೇಕೋ ಖಾಸಗಿಯವರೋ ಅನ್ನುವ ಜಗಳ ಅಲ್ಲಿಯವರೆಗೆ ವರ್ಷಗಟ್ಟಲೆ ನಡೆದಿತ್ತು. 1957ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ನ್ಯೂಯಾರ್ಕ್ ರಾಜ್ಯದ ವಿದ್ಯುತ್ ಪ್ರಾಧಿಕಾರಕ್ಕೆ ಕೆಲಸ ಒಪ್ಪಿಸಿತು. 1961ರ ಫೆಬ್ರವರಿಗೆ ಕರೆಂಟು ಬಂತು.

ಇಲ್ಲಿ ಪವರ್ ವಿಸ್ಟಾ ಅನ್ನುವ ವೀಕ್ಷಣಾ ಕೇಂದ್ರವಿದೆ. ಪ್ರವೇಶ ಉಚಿತ. ಮಕ್ಕಳು ಕೈಯಿಂದ ಮುಟ್ಟಿ ಆಡಿ ಕಲಿಯುವಂಥ ಯಂತ್ರಗಳು ತುಂಬಾ ಇವೆ. ಹೊರಗಿನ ವೀಕ್ಷಣಾ ಜಾಗದಿಂದ ಕಮರಿ ಪೂರ್ತಿ ಕಾಣುತ್ತದೆ. ಇಲ್ಲಿಗೂ ನೀರು ಜಲಪಾತದ ಮೇಲಿನಿಂದಲೇ ಬರುತ್ತದೆ. ಆದರೆ ತೆರೆದ ನಾಲೆಯಲ್ಲಲ್ಲ, ಊರಿನ ಕೆಳಗೆ ಹೂತ ಎರಡು ಭಾರಿ ಕೊಳವೆಗಳಲ್ಲಿ. ಕೇಂದ್ರದ 13 ಟರ್ಬೈನುಗಳು ಇವತ್ತೂ ತಿರುಗುತ್ತಿವೆ.

ಇನ್ನೊಂದು ವಿಷಯವನ್ನೂ ತಿಳಿದುಕೊಂಡು ನೋಡಿ. ಈ ಕೇಂದ್ರದ ಜಲಾಶಯಕ್ಕಾಗಿ ಟಸ್ಕರೋರಾ ಮೂಲನಿವಾಸಿಗಳ ಸುಮಾರು 550 ಎಕರೆ ಭೂಮಿ ಹೋಯಿತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1960ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಶರಾವತಿ ಕಣಿವೆಯಲ್ಲಿ ಮನೆ ತೋಟ ಮುಳುಗಿಸಿಕೊಂಡು ಎದ್ದುಹೋದವರ ಮನೆಯ ಮಕ್ಕಳು ಯಾರಾದರೂ ನಿಮ್ಮ ಜೊತೆ ಬಂದಿದ್ದರೆ ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಪವರ್ ವಿಸ್ಟಾ ಸಂಜೆ ಬೇಗ ಮುಚ್ಚುತ್ತದೆ. ಹಾಗಾಗಿ ಎರಡನ್ನೂ ಒಂದೇ ದಿನ ನೋಡುವುದಾದರೆ ಕ್ರಮ ಸ್ವಲ್ಪ ಬದಲಿಸಿ: ಬೆಳಿಗ್ಗೆ ಗೋಟ್ ದ್ವೀಪ, ಆಮೇಲೆ ಲೂಯಿಸ್ಟನ್, ಊಟ ಮುಗಿಸಿ ಮಧ್ಯಾಹ್ನದ ಬಿಸಿಲಿಗೆ ಶೋಲ್‌ಕಾಫ್. ನೀರಿನ ದಾರಿ ಒಂದಿಷ್ಟು ಹಿಂದುಮುಂದಾಗುತ್ತದೆ, ಬೆಳಕು ಸಿಗುತ್ತದೆ. ಎರಡು ದಿನ ಇದ್ದವರು ಮಾತ್ರ ಮೇಲಿನ ಕ್ರಮವನ್ನೇ ಇಟ್ಟುಕೊಳ್ಳಿ, ಲೂಯಿಸ್ಟನ್ ಮಾರನೇ ಬೆಳಿಗ್ಗೆಗೆ ಇರಲಿ.